ಎರಡನೆಯ ಅಂಗಳ

2001ರಲ್ಲಿ ಚಿನ್ನದ ಗಣಿಗಳು ಮುಚ್ಚಿದ ಮೇಲೆ ನಮ್ಮ ಸೀಮೆಯ ಎಷ್ಟೋ ಕುಟುಂಬಗಳ ಬದುಕು ರೈಲಿನ ವೇಳೆಗೆ ಕಟ್ಟುಬಿದ್ದಿತು. ಗಣಿಯ ಲೈನುಗಳಿಂದಲೂ ಕ್ಯಾಸಂಬಳ್ಳಿಯ ಕಡೆಯ ಹಳ್ಳಿಗಳಿಂದಲೂ ನಸುಕಿನಲ್ಲೇ ಹೊರಟು, ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರು ಸೇರಿ ದುಡಿದು ಬರುವವರ ಪಾಡು ಓದುಗರಿಗೆ ಹೊಸದಲ್ಲ. ಒಂದೆಡೆ ಬೇಡವಾದ ಕೈಗಳು ಇನ್ನೊಂದೆಡೆ ಬೇಕಾಗಬಲ್ಲವೇ? ಮನೆಮನೆಯ ಈ ಪ್ರಶ್ನೆಯನ್ನು ಈ ಸಲ ಒಬ್ಬ ಕ್ರಿಕೆಟ್ ಆಟಗಾರರ ಬಾಳಿನಲ್ಲಿಟ್ಟು ನೋಡೋಣ. ಆಟದಲ್ಲಿ ಸೋಲುಗೆಲುವಿನ ಲೆಕ್ಕ ಎಲ್ಲರ ಕಣ್ಣೆದುರಿಗೇ ಇರುತ್ತದೆ.

ಕರ್ನಾಟಕದ ಕರುಣ್ ನಾಯರ್ 2016ರ ಡಿಸೆಂಬರಿನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡಿನ ವಿರುದ್ಧ ಔಟಾಗದೆ 303 ರನ್ ಗಳಿಸಿದರು. ಅಲ್ಲಿಯವರೆಗೆ ಟೆಸ್ಟ್ ಪಂದ್ಯದಲ್ಲಿ ತ್ರಿಶತಕ ಬಾರಿಸಿದ್ದ ಭಾರತೀಯರು ವೀರೇಂದ್ರ ಸೆಹ್ವಾಗ್ ಒಬ್ಬರೇ. ಆದರೆ ಮುಂದಿನ ಟೆಸ್ಟಿಗೆ ಅಜಿಂಕ್ಯ ರಹಾನೆ ಮರಳಿದಾಗ ಕರುಣ್ ಹೊರಗುಳಿದರು. 2017ರ ಮಾರ್ಚ್ ಬಳಿಕ ದೇಶದ ಪರ ಆಡುವ ಅವಕಾಶವೇ ನಿಂತಿತು. 2022ರಲ್ಲಿ ತಾಯ್ನಾಡಿನ ತಂಡದ ಸ್ಥಾನವೂ ಹೋಯಿತು. ಆ ಡಿಸೆಂಬರಿನಲ್ಲಿ ಅವರು ಕ್ರಿಕೆಟ್ ಆಟವನ್ನೇ ಉದ್ದೇಶಿಸಿ, ತನಗೆ ಇನ್ನೊಂದು ಅವಕಾಶ ಕೊಡಬೇಕೆಂದು ಬಹಿರಂಗವಾಗಿ ಕೋರಿದರು. ಮುನ್ನೂರು ರನ್ ಹೊಡೆದವರು ಹೀಗೆ ಕೈಯೊಡ್ಡುವುದು ಸಣ್ಣ ಮಾತಲ್ಲ. ನಾವಾದರೋ ಹಳೆಯ ಪದಕವನ್ನು ಗೋಡೆಗೆ ತೂಗಿಹಾಕಿ ಮೌನವಾಗಿ ಕೊರಗುವವರು.

ಆಯ್ಕೆಗಾರರನ್ನು ದೂರುವುದು ಸುಲಭ. ಆದರೆ ತಂಡವೊಂದರಲ್ಲಿ ಸ್ಥಾನಗಳು ಹನ್ನೊಂದೇ. ಎಡವಿದವರಿಗಾಗಿ ಕಾಯುತ್ತ ಹೋದರೆ ಹೊರಗೆ ನಿಂತ ಎಳೆಯರಿಗೆ ಅನ್ಯಾಯವಾಗುತ್ತದೆ. ಈ ಇಕ್ಕಟ್ಟು ಹಳೆಯದು. ನಡುದಾರಿಯಲ್ಲಿ ಬಿಟ್ಟುಹೋಗಿದ್ದ ಮಾರ್ಕನನ್ನು ಮತ್ತೆ ಕರೆದೊಯ್ಯಲು ಪೌಲನು ಒಪ್ಪಲಿಲ್ಲ. ಬಾರ್ನಬನು ಅವನನ್ನು ಜೊತೆಗಿಟ್ಟುಕೊಂಡು ಸೈಪ್ರಸ್ ದ್ವೀಪಕ್ಕೆ ನಡೆದನು. ಕೆಲಸ ಕೆಡಬಾರದೆಂಬ ಪೌಲನ ಕಾಳಜಿಯನ್ನು ತಪ್ಪೆನ್ನಲು ನನಗೆ ಮನಸ್ಸು ಬಾರದು. ಆದರೂ ಬಾರ್ನಬನಂತಹವನು ಇಲ್ಲದಿದ್ದರೆ ಮಾರ್ಕನ ಗತಿಯೇನಾಗುತ್ತಿತ್ತು?

ಕರುಣ್ ಪಾಲಿಗೆ ಆ ಸೈಪ್ರಸ್ ನಾಗಪುರದಲ್ಲಿತ್ತು. 2023ರಲ್ಲಿ ವಿದರ್ಭ ತಂಡ ಅವರನ್ನು ಸೇರಿಸಿಕೊಂಡಿತು. ವಿದರ್ಭ ಅವರಿಗೆ ಹೊಸ ಕೌಶಲವನ್ನೇನೂ ಕೊಟ್ಟಿತೆಂದು ನಾನು ಭಾವಿಸುವುದಿಲ್ಲ. ಕೊಟ್ಟದ್ದು, ಪ್ರತಿ ಸೋಲನ್ನೂ ಹಿಂದಿನ ಸೋಲುಗಳ ಕೊನೆಗೆ ಕೂಡಿಸಿ ನೋಡದ ಒಂದು ಅಂಗಳವನ್ನು. ನಮ್ಮನ್ನು ಚೆನ್ನಾಗಿ ಬಲ್ಲವರೇ ನಮ್ಮನ್ನು ಬೇಗ ತೀರ್ಮಾನಿಸಿಬಿಡುತ್ತಾರೆ; ಪರಿಚಯವೇ ಒಮ್ಮೊಮ್ಮೆ ಸೆರೆಮನೆ. ಹಾಗೆಂದು ಪರಸ್ಥಳವೇನೂ ಹೂವಿನ ಹಾಸಿಗೆಯಲ್ಲ. ಹಳೆಯ ಕೀರ್ತಿಯ ಸಾಲ ಅಲ್ಲಿ ಹುಟ್ಟುವುದಿಲ್ಲ, ದಿನದ ಕೂಲಿಯನ್ನು ಆ ದಿನವೇ ದುಡಿಯಬೇಕು.

ಕರುಣ್ ದುಡಿದರು. 2024–25ರ ವಿಜಯ್ ಹಜಾರೆ ಟ್ರೋಫಿಯಲ್ಲಿ ಐದು ಶತಕಗಳೊಡನೆ 779 ರನ್; ಇಡೀ ಪಂದ್ಯಾವಳಿಯಲ್ಲಿ ಔಟಾದದ್ದು ಎರಡೇ ಸಲ. ವಡೋದರದ ಫೈನಲಿನಲ್ಲಿ ಎದುರಾದದ್ದು ಯಾರು? ಕರ್ನಾಟಕವೇ. ಅಂದು ಅವರು 27 ರನ್ನಿಗೆ ಔಟಾದರು, ವಿದರ್ಭ 36 ರನ್ನುಗಳಿಂದ ಸೋತಿತು. ತೊರೆದವರೆದುರು ಗೆದ್ದು ತೋರಿಸುವ ಸುಖ ದೊರೆಯಲಿಲ್ಲ. ಸಿನಿಮಾದವರಾದರೆ ಹೀಗೆ ಬರೆಯುತ್ತಿರಲಿಲ್ಲ. ಆದರೆ ಕೆಲವೇ ವಾರಗಳಲ್ಲಿ, ಕೇರಳದೆದುರಿನ ರಣಜಿ ಫೈನಲಿನಲ್ಲಿ 86 ಮತ್ತು 135 ರನ್ ಗಳಿಸಿ ವಿದರ್ಭವನ್ನು ಚಾಂಪಿಯನ್ ಮಾಡುವುದರಲ್ಲಿ ಮುಖ್ಯ ಪಾತ್ರ ವಹಿಸಿದರು. 2025ರ ಜೂನಿನಲ್ಲಿ, ಎಂಟು ವರ್ಷಗಳ ನಂತರ, ಇಂಗ್ಲೆಂಡಿನಲ್ಲಿ ಮತ್ತೆ ಭಾರತದ ಟೆಸ್ಟ್ ಟೋಪಿ ಧರಿಸಿದರು.

ಅಲ್ಲಿ ನಾಲ್ಕು ಟೆಸ್ಟುಗಳಲ್ಲಿ ಬಂದದ್ದು 205 ರನ್, ಒಂದೇ ಅರ್ಧಶತಕ. ಮುಂದಿನ ವೆಸ್ಟ್ ಇಂಡೀಸ್ ಸರಣಿಗೆ ಹೆಸರಿರಲಿಲ್ಲ.

ಹಾಗಾದರೆ ಎರಡನೆಯ ಅವಕಾಶ ವ್ಯರ್ಥವಾಯಿತೇ? ಕೊಟ್ಟ ಅವಕಾಶವನ್ನು ಫಲದಿಂದಲೇ ಅಳೆಯುವುದಾದರೆ ಅದು ಅವಕಾಶವಲ್ಲ, ಬಡ್ಡಿಯ ಸಾಲ. ಕುಡಿತ ಬಿಟ್ಟು ಬಂದ ಮಗನಿಗೆ, ಅಂಗಡಿ ಮುಳುಗಿಸಿಕೊಂಡ ತಮ್ಮನಿಗೆ ಮತ್ತೊಮ್ಮೆ ಕೈಹಿಡಿದು, ಅವನು ಪುನಃ ಜಾರಿದೊಡನೆ 'ಅಂದೇ ಹೇಳಿರಲಿಲ್ಲವೇ' ಎನ್ನುವವರು ನಾವು. ಆ ನಂಬಿಕೆಯ ನಡುವೆ ಅವನು ನಿಂತು ದುಡಿದ ದಿನಗಳು ನಮ್ಮ ಲೆಕ್ಕಕ್ಕೆ ಬರುವುದೇ ಇಲ್ಲ. ವಿದರ್ಭದ ಜನ ಆ ರಣಜಿ ಟ್ರೋಫಿಯನ್ನು ಇಂಗ್ಲೆಂಡಿನ ಅಂಕಿಗಳನ್ನು ನೋಡಿ ಹಿಂದಿರುಗಿಸಬೇಕಾಗಿಲ್ಲವಷ್ಟೆ.

2025–26ರ ಋತುವಿಗೆ ಕರುಣ್ ಕರ್ನಾಟಕಕ್ಕೇ ಮರಳಿದರು, ತವರು ತಂಡವೂ ಬಾಗಿಲು ತೆರೆಯಿತು. ಅದೇ ನವೆಂಬರಿನಲ್ಲಿ ಕೇರಳದ ವಿರುದ್ಧ ಅವರು ಹೊಡೆದದ್ದು 233.