ರಾಜನು ಹೆಸರು ಹಿಡಿದು ಕರೆದನು

ವಾಕ್ಯಭಾಗ: 2 ಸಮುವೇಲ 9:1-13

ಸಿಂಧನೂರು, ಲಿಂಗಸುಗೂರು, ಮಸ್ಕಿಯಿಂದ ಬಂದಿರೋ ಯೌವನಸ್ಥರೇ, ಬೈಬಲ್ ತೆಗೀರಿ.

ಮೆಫೀಬೋಶೆತ ಯೋನಾತಾನನ ಮಗ. ಐದು ವರ್ಷದವನಿದ್ದಾಗ ದಾದಿ ಅವನನ್ನು ಎತ್ತಿಕೊಂಡು ಓಡುವಾಗ ಕೆಳಗೆ ಬಿದ್ದ, ಎರಡೂ ಕಾಲು ಕುಂಟಾದವು. ಅವನ ತಪ್ಪು ಏನಿತ್ರಿ? ಏನೂ ಇಲ್ಲ. ಆದರೂ ದೊಡ್ಡವನಾದ ಮೇಲೆ ದಾವೀದನ ಮುಂದೆ ತನ್ನನ್ನೇ ಸತ್ತ ನಾಯಿಗೆ ಹೋಲಿಸಿಕೊಂಡ. ಕಾಲಿನ ನೋವು ಮನಸ್ಸಿಗೆ ಇಳಿದಿತ್ತು.

ಮೂರನೇ ವಚನ ನೋಡ್ರಿ. ಚೀಬನು ಅವನ ಬಗ್ಗೆ ಹೇಳುವಾಗ ಹೆಸರನ್ನೇ ಹೇಳಲಿಲ್ಲ, ಯೋನಾತಾನನ ಮಗ, ಕಾಲು ಕುಂಟು ಅಂತಷ್ಟೇ ಹೇಳಿದ. ಆರನೇ ವಚನದಲ್ಲಿ ದಾವೀದನ ಬಾಯಿಂದ ಬಂದ ಮೊದಲ ಮಾತೇ ಅವನ ಹೆಸರು. ಹಲ್ಲೆಲೂಯಾ! ನಮ್ಮ ಮಸ್ಕಿಯ ಶಾಸನ 1915ರಲ್ಲಿ ಸಿಕ್ಕಾಗ ಅಷ್ಟು ದೊಡ್ಡ ಸುದ್ದಿ ಆಗಿದ್ದು ಯಾಕೆ? ಅದರಲ್ಲಿ ಬಿರುದಿನ ಜೊತೆ ಅಶೋಕ ಅನ್ನೋ ಹೆಸರೂ ಇತ್ತು. ಕಲ್ಲಿನ ಮೇಲಿನ ಒಂದು ಹೆಸರಿಗೇ ಅಷ್ಟು ಬೆಲೆ. ನಮ್ಮ ಓಣಿಯ ಮಗುವಿಗೆ ಹೆಸರಿದ್ದರೂ ಕುಂಟ, ಮೂಗ ಅಂತ ಯಾಕೆ ಕರೀತೀವಿ?

ಈಗ ನನ್ನ ತಪ್ಪು ಒಪ್ಪಿಕೊಳ್ತೀನಿ. ಒಬ್ಬ ಹುಡುಗನ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆ. ಅವನು ಎದ್ದು ನಡೆಯಲಿಲ್ಲ. ಪಕ್ಕದಲ್ಲಿದ್ದವರು ನಿನ್ನಲ್ಲಿ ನಂಬಿಕೆ ಕಡಿಮೆ ಅಂದರು, ನಾನು ಸುಮ್ಮನಿದ್ದೆ. ಆ ಹುಡುಗ ಮತ್ತೆ ಕೂಟಕ್ಕೆ ಬರಲಿಲ್ಲ. ದೇವರು ಸ್ವಸ್ಥಪಡಿಸುತ್ತಾನೆ, ಆಮೆನ್! ಆದರೆ ಕಡೇ ವಚನ ಓದ್ರಿ. ಮೆಫೀಬೋಶೆತ ದಿನಾಲೂ ರಾಜನ ಮೇಜಿನಲ್ಲಿ ಊಟ ಮಾಡಿದ, ಕಾಲು ಮಾತ್ರ ಹಾಗೇ ಇದ್ದವು. ಕಾಲು ಸರಿಹೋದ ಮೇಲೆ ಬಾ ಅಂತ ದಾವೀದ ಹೇಳಲಿಲ್ಲ. ಹುಟ್ಟು ಕುರುಡನ ವಿಷಯದಲ್ಲಿ ಪಾಪ ಯಾರದು ಅಂತ ಶಿಷ್ಯರು ಕೇಳಿದಾಗ, ಅವನದೂ ಅಲ್ಲ, ತಂದೆತಾಯಿಯದೂ ಅಲ್ಲ ಅಂದನು ಯೇಸು.

ಮೇಜು ಅಂದರೆ ಬರೀ ಮಾತಲ್ಲ. ದಾವೀದ ಹೊಲವನ್ನೂ ಹಿಂದಕ್ಕೆ ಕೊಡಿಸಿದ, ಅದು ಅವನ ಹಕ್ಕು. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯ ಗುರುತಿಸಿದೆ. ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯ ಇರೋ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಯುಡಿಐಡಿ ಕಾರ್ಡಿಗೆ ಮೊಬೈಲಿನಲ್ಲೇ ಅರ್ಜಿ ಹಾಕಬಹುದು. ನಿಮ್ಮ ಕೈಯಲ್ಲಿ ಫೋನ್ ಇದೆ, ಒಂದು ಮನೆಗೆ ಹೋಗಿ ಅರ್ಜಿ ತುಂಬಿಕೊಡ್ರಿ. ಕ್ವಾಯರ್‌ನಲ್ಲಿ, ಸಂಡೇ ಸ್ಕೂಲ್ ನಾಟಕದಲ್ಲಿ ಆ ಮಗುವಿಗೊಂದು ಪಾತ್ರ ಕೊಡ್ರಿ. ಕನಿಕರ ಬೇಡ, ಕೆಲಸ ಕೊಡ್ರಿ. ನನ್ನಿಂದ ಆಗ್ತದೆ ಅನ್ನೋ ಧೈರ್ಯ ಅಲ್ಲಿಂದ ಹುಟ್ಟುತ್ತದೆ.

ಪ್ರಾರ್ಥಿಸೋಣ. ತಂದೆಯೇ, ನಮ್ಮ ಮೌನದಿಂದ ಗಾಯಗೊಂಡ ಮಕ್ಕಳನ್ನು ಮುಟ್ಟು. ಅವರನ್ನು ಹೆಸರು ಹಿಡಿದು ಕರೆಯುವ ಬಾಯಿ ನಮಗೆ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.