ಬಿರುಗಾಳಿಯ ರಾತ್ರಿಯಲ್ಲಿ ಮನೆಯವರು

ಪ್ರಿಯರೇ, 1933ರ ತರುವಾಯ 2022ರಲ್ಲಿಯೇ ಹಿರಿಯೂರಿನ ವಾಣೀವಿಲಾಸ ಸಾಗರವು ಕೋಡಿಬಿದ್ದಾಗ ನಾವೆಲ್ಲರೂ ದೇವರಿಗೆ ಸ್ತೋತ್ರಮಾಡಿದೆವು. ಆದರೆ ಜಲಾಶಯವನ್ನು ತುಂಬಿಸುವ ಮಳೆಯೇ ಬಡವನ ಮಣ್ಣಿನ ಗೋಡೆಯನ್ನು ಕೆಡವುವದು. ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ ಚಂಡಮಾರುತದ ಗಾಳಿಮಳೆಯು ಹೊಸದುರ್ಗ ಹೊಳಲ್ಕೆರೆಗಳ ವರೆಗೂ ಬರುವದುಂಟು. ಅಂಥ ರಾತ್ರಿಯಲ್ಲಿ ಮಕ್ಕಳನ್ನು ನೆನೆದ ಗೋಡೆಯಿಂದ ದೂರ ಮಲಗಿಸಿರಿ. ದನಗಳನ್ನು ಮರದಡಿಯಲ್ಲಿ ಕಟ್ಟಬೇಡಿರಿ. ಮನೆಯವರೆಲ್ಲರೂ ಕೂಡಿ ಪ್ರಾರ್ಥಿಸಿರಿ.

ನೆರೆಯವನ ಮನೆ ಬಿದ್ದರೆ ಅವನ ಪಾಪಗಳನ್ನು ಎಣಿಸುತ್ತಾ ಕೂರಬೇಡಿರಿ. ದುರ್ಗದವರಾದ ನಾವು ಬುರುಜನ್ನು ಬಲ್ಲೆವು. ಸಿಲೋವದ ಬುರುಜು ಬಿದ್ದು 18 ಮಂದಿ ಸತ್ತಾಗ, ಅವರ ಪಾಪವೇ ಹೆಚ್ಚಿನದೆಂಬ ಜನರ ಎಣಿಕೆಯನ್ನು ಕರ್ತನು ತಳ್ಳಿಹಾಕಿದನು. ಆದದರಿಂದ ಬಾಗಿಲು ತಟ್ಟಿದವರನ್ನು ಒಳಗೆ ಕರೆಯಿರಿ. ಮನೆಯಲ್ಲಿ ಒಣಗಿದ ಕಂಬಳಿ ಒಂದೇ ಇದ್ದರೆ ಅದನ್ನು ಅವರ ಮಕ್ಕಳಿಗೂ ಹೊದಿಸಿರಿ. ಆ ರಾತ್ರಿಯ ಪ್ರಾರ್ಥನೆಗೆ ಅದೇ ನಮ್ಮ ಆಮೆನ್.