ನಷ್ಟ ಯಾರ ಕಣ್ಣಿಗೆ ಕಾಣುತ್ತದೆ?

ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನಿಗೆ ಕಾಣುವ ಅಂಗಡಿಯೇ ಬೇರೆ, ಗಿರಾಕಿಗೆ ಕಾಣುವ ಅಂಗಡಿಯೇ ಬೇರೆ. ಗಿರಾಕಿ ಮಾಲು ಮತ್ತು ದರವನ್ನಷ್ಟೇ ನೋಡುತ್ತಾನೆ. ಮಾಲೀಕನಿಗೆ ಬಾಡಿಗೆ, ಆಳಿನ ಪಗಾರ, ಬಾರದ ಉದ್ರಿ, ಸಾಲದ ಬಡ್ಡಿ ಎಲ್ಲವೂ ಕಾಣುತ್ತವೆ. ಹಾಗಾದರೆ ಮನುಷ್ಯನನ್ನು ಒಮ್ಮೆ ಮಾಲೀಕನ ಜಾಗದಲ್ಲಿ ಕೂಡಿಸಿದರೆ ಅವನಲ್ಲಿ ನ್ಯಾಯಬುದ್ಧಿ ತಾನಾಗಿಯೇ ಹುಟ್ಟುವುದೇ? ಈ ಪ್ರಶ್ನೆಯನ್ನು ಒಂದು ಕಂಪ್ಯೂಟರ್ ಆಟದ ಸಂಗತಿಯಿಂದ ವಿಚಾರಿಸೋಣ.

ಹುಡುಗರು ಆಡುವ ಆಟಗಳೆಲ್ಲ ಹೊಡೆದಾಟದವಲ್ಲ. ಹೊಸ ಕಂಪನಿ ಕಟ್ಟಿ ನಡೆಸುವ ಆಟಗಳೂ ಇವೆ. ‘ಗೇಮ್ ಡೆವ್ ಟೈಕೂನ್’ ಅಂಥದೊಂದು. ಪ್ಯಾಟ್ರಿಕ್ ಮತ್ತು ಡೇನಿಯಲ್ ಕ್ಲುಗ್ ಎಂಬ ಸಹೋದರರ ಸಣ್ಣ ಸಂಸ್ಥೆ ಗ್ರೀನ್‌ಹಾರ್ಟ್ ಗೇಮ್ಸ್ ಇದನ್ನು ತಯಾರಿಸಿತು. ಆಟಗಾರನು 1980ರ ದಶಕದಲ್ಲಿ ಒಂದು ಗ್ಯಾರೇಜಿನಲ್ಲಿ ಒಬ್ಬನೇ ಕುಳಿತು ಕಂಪ್ಯೂಟರ್ ಆಟಗಳನ್ನು ಮಾಡಿ ಮಾರುವ ಉದ್ಯೋಗ ಹೂಡುತ್ತಾನೆ. ಮಾಲು ಖರ್ಚಾದರೆ ದೊಡ್ಡ ಕಚೇರಿ ಹಿಡಿಯಬಹುದು, ನೌಕರರನ್ನು ಇಟ್ಟುಕೊಳ್ಳಬಹುದು. ಖರ್ಚಾಗದಿದ್ದರೆ ದಿವಾಳಿ.

2013ರ ಏಪ್ರಿಲ್‌ನಲ್ಲಿ ಇದನ್ನು ಸುಮಾರು 8 ಡಾಲರಿಗೆ ಮಾರಾಟಕ್ಕೆ ಬಿಟ್ಟಾಗ, ಬಹಳ ಜನ ಹಣ ಕೊಡದೆ ಕಳ್ಳಪ್ರತಿ ಪಡೆಯುತ್ತಾರೆಂಬುದು ಸಹೋದರರಿಗೆ ಗೊತ್ತಿತ್ತು. ಆದ್ದರಿಂದ ತಾವೇ ಒಂದು ಪ್ರತಿಯನ್ನು ಕಳ್ಳಪ್ರತಿಯೆಂಬಂತೆ ಇಂಟರ್ನೆಟ್‌ನಲ್ಲಿ ಹರಿಯಬಿಟ್ಟರು. ಅದರಲ್ಲಿ ವ್ಯತ್ಯಾಸ ಒಂದೇ. ಕೆಲವು ತಾಸು ಆಡಿದ ಮೇಲೆ, ನಿಮ್ಮ ಆಟಗಳನ್ನು ಜನ ಕೊಳ್ಳದೆ ಕದ್ದು ಆಡುತ್ತಿದ್ದಾರೆ ಎಂಬ ಸುದ್ದಿ ಬರುತ್ತದೆ. ಅಲ್ಲಿಂದ ಮುಂದೆ ಎಂಥ ಒಳ್ಳೆಯ ಮಾಲು ಮಾಡಿದರೂ ಆದಾಯ ಇಳಿಯುತ್ತ ಹೋಗಿ ಕಂಪನಿ ಮುಳುಗುತ್ತದೆ. ಒಂದು ದಿನದ ನಂತರ ಅವರು ಲೆಕ್ಕ ಹಾಕಿದಾಗ 3,318 ಆಟಗಾರರಲ್ಲಿ ಹಣ ಕೊಟ್ಟವರು 214 ಜನ ಮಾತ್ರ. ಉಳಿದ 3,104 ಜನ ಪುಕ್ಕಟೆ ಪ್ರತಿಯವರು.

ವಿಚಾರ ಮಾಡಬೇಕಾದದ್ದು ಇದರ ಮುಂದಿನ ಸಂಗತಿ. ಆ ಪುಕ್ಕಟೆ ಪ್ರತಿಯವರಲ್ಲೇ ಕೆಲವರು, ನಮ್ಮ ಕಂಪನಿ ಹಾಳಾಗುತ್ತಿದೆ, ಜನ ಯಾಕೆ ಕದಿಯುತ್ತಾರೆ, ಇದನ್ನು ತಡೆಯುವ ಉಪಾಯವಿಲ್ಲವೇ ಎಂದು ಗೋಳಾಡಿದರು. ಮಾಲೀಕನ ನೋವು ಅವರಿಗೆ ತಿಳಿಯಿತು. ತಮ್ಮ ಕೈ ಮಾಡಿದ್ದು ಮಾತ್ರ ತಿಳಿಯಲಿಲ್ಲ.

ಕೆಲವರು ಕೇಳಬಹುದು: ಜೋಳದ ಚೀಲ ಕದ್ದರೆ ಚೀಲ ಹೋಗುತ್ತದೆ, ಪ್ರತಿ ತೆಗೆದರೆ ಹೋದದ್ದೇನು? ಕ್ಷೌರದಂಗಡಿಯಿಂದಲೂ ನಾವು ಯಾವ ವಸ್ತುವನ್ನೂ ಒಯ್ಯುವುದಿಲ್ಲ. ಆದರೂ ಹಣ ಕೊಡದೆ ಎದ್ದು ಬರುತ್ತೇವೆಯೇ? ನಾವು ಬೆಲೆ ಕೊಡುವುದು ವಸ್ತುವಿಗಷ್ಟೇ ಅಲ್ಲ, ದುಡಿಮೆಗೂ ಹೌದು.

ಇನ್ನೊಂದು ಪ್ರಶ್ನೆಯೂ ನ್ಯಾಯವಾದದ್ದೇ. ತಾವೇ ಬಿಟ್ಟ ಪ್ರತಿಯನ್ನು ತೆಗೆದುಕೊಂಡವನು ಕಳ್ಳನಾಗುವುದು ಹೇಗೆ? ಸಹೋದರರು ಮಾಡಿದ್ದು ಗಾಳ ಹಾಕುವ ಕೆಲಸ, ಅದು ಪೂರ್ಣ ಚೊಕ್ಕ ವ್ಯವಹಾರವೆಂದು ನಾವು ಹೇಳಲಾರೆವು. ಪುಕ್ಕಟೆ ಪ್ರತಿಯವರ ಸಂಖ್ಯೆ ಹೆಚ್ಚಲು ಅವರ ಗಾಳವೂ ಒಂದಿಷ್ಟು ಕಾರಣವಾಗಿರಬಹುದು. ಆದರೆ ಇಳಿಸಿಕೊಂಡವನಿಗೆ ಅದು ಮಾಲೀಕರೇ ಇಟ್ಟದ್ದೆಂದು ಗೊತ್ತಿರಲಿಲ್ಲ. ಅವನ ಮನಸ್ಸಿನಲ್ಲಿ ಅದು ಕೊಡದೆ ಇದ್ದದ್ದನ್ನು ಎತ್ತಿಕೊಂಡದ್ದೇ. ನೀತಿಯ ಲೆಕ್ಕ ಮನಸ್ಸಿನಿಂದಲೇ ಶುರುವಾಗುತ್ತದೆ.

ಆದ್ದರಿಂದ ಜಾಗ ಬದಲಾದ ಮಾತ್ರಕ್ಕೆ ನ್ಯಾಯಬುದ್ಧಿ ಹುಟ್ಟುವುದಿಲ್ಲ. ನಮಗಾದ ನಷ್ಟದ ಪುಟವನ್ನೂ ನಾವು ಮಾಡಿದ ನಷ್ಟದ ಪುಟವನ್ನೂ ಒಂದೇ ಖಾತೆಪುಸ್ತಕದಲ್ಲಿ ಎದುರುಬದುರು ಇಟ್ಟು ಓದಿದಾಗ ಮಾತ್ರ ಅದು ಹುಟ್ಟುತ್ತದೆ. ಇದು ಆಟದ ಹುಡುಗರಿಗಷ್ಟೇ ಸಂಬಂಧಿಸಿದ ಮಾತಲ್ಲ. ನಕಲಿ ಬೀಜ ಮಾರಿದವನನ್ನು ಶಪಿಸುವ ನಾವೇ ಚೀಲದ ತಳಕ್ಕೆ ಹಸಿ ತೊಗರಿ ತುಂಬುವುದುಂಟು. ಉದ್ರಿ ಮುಳುಗಿಸಿದ ಗಿರಾಕಿಯನ್ನು ಬಯ್ಯುವ ನಾವೇ ಹಮಾಲನ ಕೂಲಿಯನ್ನು ನಾಳೆ, ನಾಡಿದ್ದು ಎಂದು ಮುಂದೂಡುವುದುಂಟು. ಎರಡೂ ಪುಟ ನಮ್ಮವೇ. ಓದುವುದು ಮಾತ್ರ ಒಂದನ್ನೇ.

ಮನೆಯ ಮಕ್ಕಳು ಇಂಥ ಆಟ ಆಡುತ್ತಿದ್ದರೆ ಸುಮ್ಮನೆ ಗದರಿಸಬೇಡಿರಿ. ಹತ್ತಿರ ಕುಳಿತು, ಎಷ್ಟು ಗಳಿಸಿದೆ ಎಂದು ಕೇಳಿರಿ. ಆಮೇಲೆ, ಈ ಆಟಕ್ಕೆ ಬೆಲೆ ಕೊಟ್ಟಿರುವೆಯೋ ಇಲ್ಲವೋ ಎಂದೂ ಕೇಳಿರಿ. ಅದಕ್ಕೂ ಮೊದಲು ಹಮಾಲನ ಕೂಲಿ ಕೊಟ್ಟು ಬಂದಿದ್ದರೆ, ಕೇಳುವ ಬಾಯಿಗೆ ಬಲ ಬರುತ್ತದೆ.